ಮುಚ್ಚಿದ ಸಾಲು

ಹೆಸ್ಟರ್ ಮೇಜಿನ ಮೇಲಿನ ಬಟ್ಟೆ ಸರಿಸಿದಳು. ನೀಲಿ ಅಂಗಿಯ ತವರದ ಸೈನಿಕರು ಕಾಡಿನಿಂದ ಗಿರಣಿಯ ಕಡೆಗೆ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಹಿತ್ತಾಳೆ ಟೋಪಿಯ ಗ್ರೆನೇಡಿಯರ್ ಎಂಬ ಆಯ್ದ ಸೈನಿಕರ ದಳ ಮಾತ್ರ ಇರಲಿಲ್ಲ.

ಅದು ಅವಳ ಗಂಡ ನೆವಿಲ್ ಕೊನೆಯದಾಗಿ ಬಣ್ಣ ಹಚ್ಚಿದ ದಳ. ಚಳಿಗಾಲದಲ್ಲಿ ಅವನು ತೀರಿಕೊಂಡಾಗ ಹದಿನೆಂಟನೇ ಶತಮಾನದ ಈ ಕದನ, ಇಬ್ಬರು ಗೊಂಬೆ ಸೈನಿಕರನ್ನು ನಡೆಸಿ ಆಡುವ ಈ ಆಟ, ಅರ್ಧಕ್ಕೆ ನಿಂತಿತ್ತು. ಅವನು ಬಿಟ್ಟಲ್ಲಿಂದಲೇ ಆಡಿ ಮುಗಿಸಬೇಕೆಂದು ಅವಳು ನಿಯಮಗಳನ್ನು ಕಲಿತಿದ್ದಳು. ಬೇರೆ ಏನೂ ಮಾಡಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಇವತ್ತು ಸಂಜೆಯೊಳಗೆ ಕ್ಲಬ್ಬಿನ ಈ ಕೋಣೆಯನ್ನು ಚರ್ಚಿನವರಿಗೆ ಬಿಟ್ಟುಕೊಡಬೇಕು, ಮೇಜು ಬಿಚ್ಚಲೇಬೇಕು. ಒಂದು ದಳ ಕಾಣೆಯಾದರೂ ಆಟ ನಿಲ್ಲಬೇಕು—ಅದು ಯಾರ್ಕ್‌ಷೈರಿನ ಆ ಪುಟ್ಟ ಕ್ಲಬ್ಬಿನ ಕಟ್ಟಳೆ.

ಚಹಾ ಕಾಯಿಸುತ್ತಿದ್ದ ವಿನಿಫ್ರೆಡ್ ಬಂದಳು. ಪೊಲೀಸ್ ಸಾರ್ಜೆಂಟ್ ಆಗಿ ನಿವೃತ್ತಳಾದವಳು.

"ಯಾರೂ ಹೊರಗೆ ಹೋಗ್ಬೇಡಿ. ಚಹಾ ಇದೆ, ಬಿಸ್ಕತ್ತಿದೆ. ಜೈಲಲ್ಲಿ ಇಷ್ಟೂ ಸಿಗಲ್ಲ."

ಇನ್ನಿಬ್ಬರಿದ್ದರು. ಈ ಆಟದ ಎದುರಾಳಿ ಲಯನಲ್, ನೆವಿಲ್‌ಗೂ ಆಮೇಲೆ ಹೆಸ್ಟರ್‌ಗೂ ಆಟ ಕಲಿಸಿದ ಮುದುಕ. ಮತ್ತು ಬಾರ್ನಬಿ—ಒಂದು ಸಲವೂ ಆಡದೆ, ಚಂದದ ಗೊಂಬೆಗಳನ್ನು ಕೊಂಡು ಗಾಜಿನ ಕಪಾಟಿನಲ್ಲಿಡುವವನು.

"ನೀವೇ ತಗೊಂಡಿದ್ದು," ಎಂದಳು ಹೆಸ್ಟರ್, ಬಾರ್ನಬಿಯತ್ತ ತಿರುಗಿ. "ನೆವಿಲ್ ಸತ್ತ ವಾರವೇ ಆ ದಳ ಮಾರ್ತೀಯಾ ಅಂತ ಕೇಳಿದ್ರಿ."

"ಕೇಳಿದ್ದು ಹೌದು. ನಾಚಿಕೆಗೇಡು, ಒಪ್ಕೋತೀನಿ. ಆದ್ರೆ ಕದ್ದಿಲ್ಲ."

"ಇವತ್ತು ಮೊದಲು ಬಂದೋರು ಯಾರು?" ವಿನಿಫ್ರೆಡ್ ಕೇಳಿದಳು.

"ನಾನು," ಎಂದ ಬಾರ್ನಬಿ. "ಲಯನಲ್ ನನ್ನ ಹಿಂದೇನೇ ಬಂದ."

"ಇಬ್ಬರೂ ಇಲ್ಲೇ ಇದ್ರಾ?"

"ನಡುವೆ ನಾನು ಸಿಗರೇಟಿಗೆ ಹೋಗಿದ್ದೆ."

"ಬಟ್ಟೆ ಎತ್ತಿದ್ರಾ, ಲಯನಲ್?"

"ಎತ್ತಿ ಏನು ನೋಡ್ಲಿ? ಈ ಮೇಜು ನನಗೆ ಬಾಯಿಪಾಠ."

"ಅದು ಉತ್ತರ ಅಲ್ಲ."

ಲಯನಲ್ ಚಹಾ ಕಲಕುತ್ತಲೇ ಇದ್ದ. ಸಕ್ಕರೆ ಹಾಕಿಯೇ ಇರಲಿಲ್ಲ.

ವಿನಿಫ್ರೆಡ್ ಮೇಜಿನ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. "ಹೆಸ್ಟರ್, ಆ ದಳ ಎಲ್ಲಿ ನಿಂತಿತ್ತು?"

"ಸಾಲಿನ ನಡುವೆ. ಬಾವುಟದ ಪಕ್ಕದಲ್ಲೇ."

"ಹಾಗಾದ್ರೆ ಅದರ ಖಾಲಿ ಜಾಗ ಎಲ್ಲಿ?"

ಹೆಸ್ಟರ್ ನೋಡಿದಳು. ನಡುವೆ ಖಾಲಿ ಜಾಗ ಇರಲಿಲ್ಲ. ಗಿರಣಿಯ ಹತ್ತಿರ, ಸಾಲಿನ ತುದಿಯಲ್ಲಿ ಮಾತ್ರ, ಒಂದಿಷ್ಟು ಜಾಗ ಬರಿದಾಗಿತ್ತು.

"ಕಳ್ಳ ಆದೋನು ಕದ್ದು ಓಡ್ತಾನೆ," ಎಂದಳು ವಿನಿಫ್ರೆಡ್. "ಇವನು ಕದ್ದು, ಉಳಿದ ದಳಗಳನ್ನ ಬಾವುಟದ ಕಡೆ ಸರಿಸಿ ಸಾಲು ಮುಚ್ಚಿದ್ದಾನೆ. ಆ ಕಾಲದ ಕವಾಯತು ಅದು—ಬಿದ್ದವನ ಜಾಗ ಪಕ್ಕದವನು ತುಂಬಬೇಕು. ಈ ಮೇಜಲ್ಲಿ ದಳ ಎತ್ತಿದ ಕೈಯೇ ಸಾಲನ್ನೂ ಮುಚ್ಚುತ್ತೆ. ಬಾರ್ನಬಿಗೆ ಅದು ಗೊತ್ತಿಲ್ಲ, ಅವನು ಆಡೋನಲ್ಲ. ನೀನು ಕಲಿಯುವಾಗ ಪ್ರತಿ ಸಲ ಮರೀತಿದ್ದೆ, ಮಗಳೇ. ನೆನಪು ಮಾಡ್ತಿದ್ದೋರು ಯಾರು?"

ಲಯನಲ್ ಚಮಚ ಕೆಳಗಿಟ್ಟ. ಕೋಟಿನ ಒಳಜೇಬಿನಿಂದ, ಹತ್ತಿಯಲ್ಲಿ ಸುತ್ತಿದ್ದ ಗ್ರೆನೇಡಿಯರ್‌ಗಳನ್ನು ತೆಗೆದ.

"ಸಾಲನ್ನ ಕೈ ತಾನಾಗೇ ಮುಚ್ಚಿಬಿಡ್ತು," ಎಂದ.

"ಯಾಕೆ?" ಹೆಸ್ಟರ್ ಕೇಳಿದಳು.

ಅವನು ಗುಡ್ಡದ ಮೇಲಿದ್ದ ತನ್ನ ಫಿರಂಗಿಗಳನ್ನು ತೋರಿಸಿದ. "ನೆವಿಲ್ ಕೊನೇ ನಡೆಯಲ್ಲಿ ಸಾಲನ್ನ ತಿರುಗಿಸಿದ. ಸಾಲಿನ ಮಗ್ಗುಲು ನನ್ನ ಫಿರಂಗಿಗೆ ಸಿಕ್ತು. ಇವತ್ತು ನಾನು ಹಾರಿಸಿದ್ರೆ ಈ ತುದಿಯಿಂದ ಆ ತುದಿವರೆಗೂ ಮಲಗುತ್ತೆ. ಗೆಲ್ಲೋ ಆಟ ಬಿಟ್ಟು ಹೋದ ಅಂತ ನೀನು ಎಲ್ಲರ ಹತ್ರಾನೂ ಹೇಳ್ತಿದ್ದೆ. ಆಟ ನಿಂತ್ರೆ ಆ ನಂಬಿಕೆ ಆದ್ರೂ ಉಳಿಯುತ್ತೆ ಅಂದ್ಕೊಂಡೆ, ತಾಯಿ."

ಹೆಸ್ಟರ್ ಬಾರ್ನಬಿಯ ಕಡೆ ತಿರುಗಿ, "ತಪ್ಪಾಯ್ತು," ಎಂದಳು. ಆಮೇಲೆ ಸಾಲನ್ನು ಸರಿಸಿ, ದಳವನ್ನು ಅದರ ಜಾಗದಲ್ಲಿಟ್ಟು, ಗಂಡನ ಕುರ್ಚಿಯಲ್ಲಿ ಕೂತಳು.

"ಹಾರಿಸಿ."

"ಬೇಡ ಬಿಡು—"

"ಹಾರಿಸಿ, ಲಯನಲ್. ಸೋಲೂ ಅವನದೇ ತಾನೆ?"

ದಾಳಗಳು ಉರುಳಿದವು. ನೀಲಿ ದಳಗಳು ಒಂದೊಂದಾಗಿ ಮೇಜು ಬಿಟ್ಟು ಹೊರಟವು. ಹೆಸ್ಟರ್ ಗುಡ್ಡವನ್ನು ನೋಡಿದಳು. ನೆವಿಲ್ ಸಾಲು ತಿರುಗಿಸಿದ್ದ ಜಾಗವನ್ನು ನೋಡಿದಳು.

"ದಡ್ಡ," ಎಂದಳು. "ಅಷ್ಟು ದೊಡ್ಡ ಗುಡ್ಡ ಕಾಣಲಿಲ್ವಾ ನಿನಗೆ?"

ಅವನು ಹೋದ ಮೇಲೆ ಅವಳು ಅವನ ಜೊತೆ ಮಾತಾಡಿದ್ದು ಅದೇ ಮೊದಲು.