ಮುಚ್ಚಲೊಲ್ಲದ ಕಿಟಕಿ

“ಸನ್‌ಬೆ, ನಿಮ್ಮ ಕಿಟಕಿ ಇನ್ನೂ ಮುಚ್ತಾ ಇಲ್ಲ.”

ಗ್ಯುಹೋ ಮೇಜಿನ ಪಕ್ಕ ಬಂದು ನಿಂತು ಈ ಮಾತು ಹೇಳಿದಾಗಲೆಲ್ಲ ಹೇವೊನ್‌ಳಿಗೆ ಮೈ ಉರಿಯುತ್ತಿತ್ತು. ವಯಸ್ಸಿನಲ್ಲಿ ಅವನೇ ದೊಡ್ಡವನು. ಆದರೆ ಕೆಲಸಕ್ಕೆ ಅವಳ ನಂತರ ಸೇರಿದ್ದರಿಂದ ಆಫೀಸಿನ ಲೆಕ್ಕದಲ್ಲಿ ಅವಳು ಅವನಿಗೆ ಸನ್‌ಬೆ, ಅಂದರೆ ಹಿರಿಯಳು. ಆ ಮರ್ಯಾದೆಯ ಮಾತನ್ನೂ ಅವನು ತುಟಿಯಂಚಿನಲ್ಲಿ ನಗು ಬಚ್ಚಿಟ್ಟುಕೊಂಡೇ ಆಡುತ್ತಿದ್ದ.

“ನಿಮ್ಮ ಆ ಬೆಂಕಿ ನರಿಯಲ್ಲಿ ಮುಚ್ಚಲ್ಲ. ಎಕ್ಸ್‌ಪ್ಲೋರರ್ ಬ್ರೌಸರಿನಲ್ಲಿ ಚೆನ್ನಾಗೇ ಮುಚ್ಚುತ್ತೆ.”

“ಎಲ್ಲಿ ಮುಚ್ಚುತ್ತೆ? ನೀವು ಸುಳ್ಳು ಹೇಳಿ ಮುಚ್ಚಿಸ್ತೀರಿ.”

ಅದು ನಿಜವೇ. ಬಸ್ ಕಂಪನಿಯೊಂದಕ್ಕೆ ಅವಳು ಕಟ್ಟಿದ ಸೈಟಿನಲ್ಲಿ ಸೀಟು ಆರಿಸಲು ಬೇರೆ ಕಿಟಕಿ ತೆರೆದುಕೊಳ್ಳುತ್ತಿತ್ತು. ಸೀಟು ಒತ್ತಿದೊಡನೆ ಅದು ತಾನಾಗಿ ಮುಚ್ಚಬೇಕು. ಅವಳು ಆ ಕಿಟಕಿಯನ್ನು ಸಾದಾ ಲಿಂಕಿನಿಂದ ತೆರೆದು, ‘ನಿನ್ನನ್ನು ನೀನೇ ತೆರೆದುಕೊಂಡೆ’ ಎಂದು ಅದನ್ನು ನಂಬಿಸುವ ಒಂದು ಸಾಲು ಸೇರಿಸಿದ್ದಳು. ಸಿಯೋಲ್‌ನ ಪ್ರೋಗ್ರಾಮರುಗಳೆಲ್ಲ ಒಬ್ಬರಿಂದೊಬ್ಬರು ಎರವಲು ಪಡೆದ ಸಾಲು ಅದು. ಎಕ್ಸ್‌ಪ್ಲೋರರ್ ನಂಬುತ್ತಿತ್ತು. ಅವನ ಬೆಂಕಿ ನರಿ, ಅಂದರೆ ಫೈರ್‌ಫಾಕ್ಸ್ ಮಾತ್ರ, ಪುಟದೊಳಗಿನ ಕೋಡಾದ ಸ್ಕ್ರಿಪ್ಟ್ ತಾನು ತೆರೆದ ಕಿಟಕಿಯನ್ನಷ್ಟೇ ಮುಚ್ಚಬಹುದು ಎಂದು ಹಟ ಹಿಡಿದು ಕೂರುತ್ತಿತ್ತು.

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ. ದೇಶವೆಲ್ಲ ಎಕ್ಸ್‌ಪ್ಲೋರರ್ ಹಿಡಿದಿದ್ದರೆ ಇವನು ಕಂಪ್ಯೂಟರ್ ತುಂಬ ಬೇರೆ ಬೇರೆ ಬ್ರೌಸರ್ ತುಂಬಿಕೊಂಡಿದ್ದ. ಸೈಟುಗಳನ್ನು ಪರೀಕ್ಷಿಸುವುದು ಅವನ ಕೆಲಸ. ಹೋದ ತಿಂಗಳ ಮೀಟಿಂಗಿನಲ್ಲಿ, ಈ ಸೈಟು ಸರಿಯಿದೆಯೆಂದು ತಾನು ಸಹಿ ಹಾಕುವುದಿಲ್ಲ ಎಂದುಬಿಟ್ಟ. ಎಲ್ಲರೆದುರಿಗೆ ಹೇವೊನ್‌ಳ ಮುಖ ಕೆಂಪಾಯಿತು.

“ಇಡೀ ಸಿಯೋಲ್‌ನಲ್ಲಿ ಆ ನರಿ ಸಾಕಿರೋದು ನೀವೊಬ್ರೇ. ನಿಮ್ಮೊಬ್ರಿಗೋಸ್ಕರ ನಾನು ಸೈಟ್ ಕಟ್ಬೇಕಾ?”

ಎಲ್ಲರೂ ನಕ್ಕರು. ಗ್ಯುಹೋ ನಗಲಿಲ್ಲ. ಅವನ ಸಹಿಯಿಲ್ಲದೆಯೇ ಸೈಟಿಗೆ ಒಪ್ಪಿಗೆ ಸಿಕ್ಕಿತು. ಮರುದಿನವೇ ಡೇಜನ್ ನಗರದ ಶಾಖೆಗೆ ವರ್ಗ ಕೇಳಿದ. ಆಮೇಲೆ ಅವಳ ಮೇಜಿನ ಕಡೆ ಸುಳಿಯಲಿಲ್ಲ.

ಅವನ ಚಪ್ಪಲಿಯ ಸದ್ದಿಗೆ ತಾನು ದಿನವೂ ಕಿವಿಗೊಡುತ್ತಿದ್ದೆ ಎಂಬುದು ಅವಳಿಗೆ ಗೊತ್ತಾದದ್ದು ಆ ಸದ್ದು ನಿಂತ ಮೇಲೆ. ಜಗಳಕ್ಕೆ ಅವನಿಲ್ಲದೆ ದಿನ ಸಪ್ಪೆಯಾಯಿತು. ಇದು ಪ್ರೀತಿಯೇ ಎಂದು ಅವಳು ಒಪ್ಪಿಕೊಳ್ಳುವ ಹೊತ್ತಿಗೆ ಅವನ ಕೊನೆಯ ದಿನವೂ ಬಂದುಬಿಟ್ಟಿತ್ತು. ಮಧ್ಯಾಹ್ನದ ರೈಲಿಗೆ ಅವನು ಹೊರಡುವವನಿದ್ದ. ಅಷ್ಟರಲ್ಲಿ ಹೇಳಬೇಕು, ಇಲ್ಲವಾದರೆ ಎಂದೂ ಇಲ್ಲ.

ಆ ಬೆಳಿಗ್ಗೆಯೇ ಚುಸೋಕ್ ಹಬ್ಬಕ್ಕೆ ಊರಿಗೆ ಹೋಗುವವರ ಬುಕಿಂಗ್ ಶುರು. ಒಂಬತ್ತಕ್ಕೆ ಸೈಟು ತೆರೆಯಿತು. ಸ್ವಲ್ಪ ಹೊತ್ತಿಗೆ ಫೋನುಗಳು ಬಡಿದುಕೊಳ್ಳತೊಡಗಿದವು.

“ಫೈರ್‌ಫಾಕ್ಸ್ ಬಳಸೋರಿಗೆಲ್ಲ ಕಿಟಕಿ ಹಾಗೇ ನಿಂತಿದೆಯಂತೆ,” ಎಂದು ಟೀಮ್ ಲೀಡರ್ ಗಿಲ್ ಓಡಿ ಬಂದರು. “ಸೀಟು ಸಿಗ್ಲಿಲ್ಲ ಅಂದ್ಕೊಂಡು ಜನ ಮತ್ತೆ ಒತ್ತುತ್ತಾರೆ. ಒತ್ತಿದ್ರೆ ಮೊದಲನೇ ಸೀಟು ಬಿಟ್ಟು ಹೋಗಿ ಇನ್ಯಾರಿಗೋ ಸೇರ್ತಿದೆ!”

ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ಹೇವೊನ್ ತಿರುಗಿ ನೋಡಿದಳು. ಮೂಲೆಯಲ್ಲಿ ಗ್ಯುಹೋ ತನ್ನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವನೂ ಅವಳನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿ ‘ನಾನು ಹೇಳಿರಲಿಲ್ವಾ’ ಎಂಬ ಕೊಂಕು ಇರಲಿಲ್ಲ, ಆತಂಕವಿತ್ತು. ಅವಳಿಗೆ ಅದೇ ಹೆಚ್ಚು ನೋವಾಯಿತು.

“ಎಕ್ಸ್‌ಪ್ಲೋರರ್ ಮಾತ್ರ ಬಳಸಿ ಅಂತ ಒಂದು ನೋಟೀಸ್ ಹಾಕಿಬಿಡಿ,” ಎಂದರು ಗಿಲ್. “ದೇಶವೆಲ್ಲ ಅದನ್ನೇ ಹಾಕುತ್ತೆ. ತಪ್ಪು ಜನರದ್ದು ಅನ್ನೋಣ, ಮುಗೀತು.”

ಸುಲಭದ ದಾರಿ. ಒಂದೇ ಸಾಲಿನ ನೋಟೀಸ್ ಹಾಕಿದರೆ ಅವಳ ಮಾನ ಉಳಿಯುತ್ತಿತ್ತು, ಗ್ಯುಹೋ ಹಟಮಾರಿ ಎನಿಸಿಕೊಂಡೇ ರೈಲು ಹತ್ತುತ್ತಿದ್ದ. ಅವಳು ಕೀಲಿಮಣೆಯ ಮೇಲೆ ಕೈಯಿಟ್ಟಳು. ಆ ಸಾಲು ಬರೆಯಲು ಮನಸ್ಸು ಒಪ್ಪಲಿಲ್ಲ.

ಅವಳು ಎದ್ದು ನಿಂತಳು. ಆಫೀಸಿಗೆಲ್ಲ ಕೇಳುವಂತೆ ಹೇಳಿದಳು: “ತಪ್ಪು ಜನರದ್ದಲ್ಲ, ನನ್ನದು. ಗ್ಯುಹೋ ಅವರು ಮೊದಲ ದಿನದಿಂದ ಹೇಳ್ತಾನೇ ಇದ್ರು. ನಾನು ಕೇಳ್ಲಿಲ್ಲ, ಮೇಲಿಂದ ಅವಮಾನ ಮಾಡ್ದೆ. ಸೈಟ್ ಸ್ವಲ್ಪ ಹೊತ್ತು ನಿಲ್ಸಿ. ಸರಿ ಮಾಡ್ತೀನಿ.”

“ಹಬ್ಬದ ಬುಕಿಂಗ್ ನಿಲ್ಸೋದಾ? ತಲೆ ಕೆಟ್ಟಿದೆಯಾ?”

“ನಿಲ್ಸಿ ಸರ್. ಬೈಗುಳವೆಲ್ಲ ನನ್ನ ಫೋನಿಗೆ ಕಳ್ಸಿ.”

ಗಿಲ್ ಗೊಣಗುತ್ತ ಸೈಟು ನಿಲ್ಲಿಸಲು ಹೋದರು. ಹೇವೊನ್ ನೇರ ಮೂಲೆಯ ಮೇಜಿಗೆ ನಡೆದಳು. ಗ್ಯುಹೋನ ಪರದೆಯ ಮೇಲೆ ಅವಳದೇ ಪುಟ, ಬ್ರೌಸರಿಗೊಂದರಂತೆ, ತೆರೆದುಕೊಂಡಿತ್ತು. ಹೊರಡುವ ದಿನವೂ ಅವನು ಅವಳ ಕೆಲಸವನ್ನೇ ಪರೀಕ್ಷಿಸುತ್ತ ಕುಳಿತಿದ್ದ.

“ಕುರ್ಚಿ ಬಿಡಿ,” ಎಂದಳು.

ಅವನು ಪಕ್ಕಕ್ಕೆ ಸರಿದ. ಅವಳು ಸುಳ್ಳು ಹೇಳುವ ಸಾಲನ್ನು ಅಳಿಸಿದಳು. ಲಿಂಕನ್ನು ತೆಗೆದು, ಕಿಟಕಿಯನ್ನು ಸ್ಕ್ರಿಪ್ಟೇ ತೆರೆಯುವಂತೆ ಬರೆದಳು. ಅವಸರದಲ್ಲಿ ಒಂದು ಬ್ರಾಕೆಟ್ ತಪ್ಪಿತು. ಅವನು ಬಾಗಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. ಅವನ ತೋಳು ಅವಳ ಭುಜಕ್ಕೆ ತಾಗಿತು. ಇಬ್ಬರೂ ಅಲುಗಲಿಲ್ಲ.

“ಒತ್ತಿ,” ಎಂದನು ಮೆಲ್ಲಗೆ.

ಅವಳು ಸೀಟು ಒತ್ತಿದಳು. ಫೈರ್‌ಫಾಕ್ಸ್‌ನಲ್ಲಿ ಕಿಟಕಿ ತಣ್ಣಗೆ ಮುಚ್ಚಿಕೊಂಡಿತು. ಮಿಕ್ಕವುಗಳಲ್ಲೂ ಮುಚ್ಚಿತು. ಎಕ್ಸ್‌ಪ್ಲೋರರ್ ಕೂಡ ತಕರಾರು ಮಾಡಲಿಲ್ಲ. ಸೈಟು ಮತ್ತೆ ತೆರೆಯಿತು, ಫೋನುಗಳು ಒಂದೊಂದಾಗಿ ಸುಮ್ಮನಾದವು.

ಗ್ಯುಹೋ ಪೆಟ್ಟಿಗೆ ಎತ್ತಿಕೊಂಡ. ಅವಳು ಲಿಫ್ಟಿನವರೆಗೂ ಹಿಂದೆ ಹೋದಳು.

“ಹೋಗ್ಬೇಡಿ.”

“ಟೆಸ್ಟಿಂಗ್‌ಗೆ ಡೇಜನ್‌ನಿಂದ ಯಾರನ್ನಾದ್ರೂ ಕಳಿಸ್ತಾರೆ, ಸನ್‌ಬೆ.”

“ಬ್ರೌಸರ್ ನೋಡೋಕೆ ಯಾರು ಬೇಕಾದ್ರೂ ಬರ್ಲಿ. ನನಗೆ ಬೇಕಾಗಿರೋದು ನೀವು. ಇಷ್ಟು ದಿನ ಬೈದಿದ್ದು ನಾನೇ. ಪ್ರೀತಿಸ್ತಿರೋದೂ ನಾನೇ. ಈಗ ಹೇಳದಿದ್ರೆ ನೀವು ರೈಲು ಹತ್ತಿಬಿಡ್ತೀರಿ.”

ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಗ್ಯುಹೋ ಹತ್ತಲಿಲ್ಲ. ಪೆಟ್ಟಿಗೆಯನ್ನು ನೆಲಕ್ಕಿಟ್ಟು ಕಿವಿ ಕೆರೆದುಕೊಂಡ. ಆ ಕಿವಿ ಕೆಂಪಾಗಿತ್ತು.

“ಗಿಲ್ ಅವರ ಕಾಲು ಹಿಡಿದಾದ್ರೂ ವರ್ಗ ರದ್ದು ಮಾಡಿಸ್ಕೋತೀನಿ. ಅದಕ್ಕೆ ಮುಂಚೆ ಒಂದು ಮಾತು. ನಾನು ನಿಮಗೆ ತೋರಿಸ್ತಿದ್ದ ತಪ್ಪುಗಳಲ್ಲಿ ಅರ್ಧದಷ್ಟು ನಾನೇ ಸರಿ ಮಾಡಬಹುದಿತ್ತು. ಮಾಡಿದ್ರೆ ನಿಮ್ಮ ಮೇಜಿಗೆ ಬರೋಕೆ ನೆಪ ಇರ್ತಿರ್ಲಿಲ್ಲ.”

ಹೇವೊನ್ ಕಣ್ಣೊರೆಸಿಕೊಂಡು ಹುಬ್ಬು ಗಂಟಿಕ್ಕಿದಳು. “ಅಂದ್ರೆ ನಾನು ಅಷ್ಟೇನೂ ಕೆಟ್ಟದಾಗಿ ಕೋಡ್ ಬರೀತಿರ್ಲಿಲ್ಲ ಅನ್ನಿ.”

“ಕೆಟ್ಟದಾಗೇ ಬರೀತಿದ್ರಿ,” ಎಂದ ಗ್ಯುಹೋ. “ಅದು ನನ್ನ ಪುಣ್ಯ.”