ಹಿಂದಿನ ಸೀಟಿನ ಸದ್ದು

ಶ್ರೀವಿದ್ಯಾ ತುಂಬಾ ಚೆನ್ನಾಗಿ ಗುನುಗುತ್ತಾಳೆ ಎಂದು ಗುರುಬಸವ ಒಂದು ವಾರ ನಂಬಿಕೊಂಡಿದ್ದ.

ನಂಬಲು ಕಾರಣವಿತ್ತು. ದಿನಾ ಬೆಳಿಗ್ಗೆ ಅವಳು ಕಾಚಿಗೂಡ ಸ್ಟೇಷನ್ನಿನ ಎದುರು ಅವನ ಮಾರುತಿ ಓಮ್ನಿಯ ಹಿಂದಿನ ಸೀಟಿಗೆ ಹತ್ತುತ್ತಿದ್ದಳು. ಖಾಲಿ ರಸ್ತೆ ಸಿಕ್ಕಿ ಗಾಡಿ ನಲವತ್ತು ದಾಟಿದ ಕೂಡಲೇ ಹಿಂದಿನಿಂದ ಸಣ್ಣಗೆ, ಒಂದೇ ಶ್ರುತಿಯಲ್ಲಿ, ಗುಂಯ್ ಎಂದು ಶುರುವಾಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಅದೂ ನಿಲ್ಲುತ್ತಿತ್ತು. ನಾಚಿಕೆಯ ಹುಡುಗಿ, ಗಾಡಿ ನಿಂತಾಗ ಕೇಳಿಸೀತೆಂದು ಸುಮ್ಮನಾಗುತ್ತಾಳೆ ಎಂದುಕೊಂಡ. ಟೇಪ್‌ರೆಕಾರ್ಡರ್ ಆಫ್ ಮಾಡಿದ. ಕನ್ನಡಿಯಲ್ಲಿ ಕದ್ದು ನೋಡಿದ. ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು, ತುಟಿ ಮುಚ್ಚಿತ್ತು. ಗುನುಗುವುದು ತುಟಿ ಮುಚ್ಚಿಯೇ ತಾನೆ?

ಶುಕ್ರವಾರ ಧೈರ್ಯ ಮಾಡಿದ.

"ಒಂದ್ ಮಾತು ಹೇಳ್ಲೇನ್ರಿ? ನೀವು ಗುನುಗೂದು ಭಾಳ ಛಲೋ ಇರತೈತಿ."

"ನಾನು ಗುನುಗಲ್ಲ."

"ಹಂಗಂದ್ರ? ನಾ ದಿನಾ ಕೇಳಾಕತ್ತೀನಲ್ರಿ."

"ಅದು ನಿಮ್ಮ ಆಕ್ಸಲ್ ಕಣ್ರೀ. ನಾನೇ ಹೇಳೋಣ ಅಂತಿದ್ದೆ. ನನ್ನ ಸೀಟಿನ ಕೆಳಗಿಂದಾನೇ ಬರ್ತಿದೆ."

ಗುರುಬಸವನ ಕಿವಿ ಕೆಂಪಾಯಿತು. ಗಂಡಸಿನ ಕಿವಿ ಕೆಂಪಾಗುವುದು ಹಿಂದೆ ಕೂತವರಿಗೇ ಚೆನ್ನಾಗಿ ಕಾಣುವುದು. ಶ್ರೀವಿದ್ಯಾ ಅದನ್ನು ಪಂಜಾಗುಟ್ಟದವರೆಗೂ ನೋಡಿದಳು. ಅಲ್ಲಿ ಅವರ ಆಫೀಸಿನ ಪ್ರಜ್ವಲ ಹತ್ತಿ ಮುಂದಿನ ಸೀಟಿನಲ್ಲಿ ಕೂತ, ಮಂಗಳೂರಿನವನು, ಕೂತ ಕೂಡಲೇ ನಿದ್ದೆ ಹೋಗುವವನು. ಅವಳು ನಗು ತಡೆಯಲಾರದೆ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ತಾನು ಅವನನ್ನು ಇಷ್ಟಪಟ್ಟಿದ್ದು ಅವತ್ತೇ ಎಂದು ಆಮೇಲೆ ಲೆಕ್ಕ ಹಾಕಿದಳು. ಒಂದು ಆಕ್ಸಲ್‌ಗಾಗಿ ಟೇಪ್ ಆಫ್ ಮಾಡಿದ ಗಂಡಸು ಅವಳಿಗೆ ಬೇರೆ ಯಾರೂ ಗೊತ್ತಿರಲಿಲ್ಲ.

ಮಾಧಾಪುರದಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ವರ್ಷಗಳವು. ಶ್ರೀವಿದ್ಯಾ ಮೈಸೂರಿನವಳು, ಕಾಚಿಗೂಡದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅಲ್ಲಿಯ ಒಂದು ಕಂಪನಿಯಲ್ಲಿ ಟೆಸ್ಟರ್ ಆಗಿದ್ದಳು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಗುರುಬಸವ ಅದೇ ಕಟ್ಟಡದಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ. ಬಸವಕಲ್ಯಾಣದಿಂದ ಬಂದು ಕಾಚಿಗೂಡದಲ್ಲಿ ನೆಲೆಸಿದ ಮನೆತನ. ಚಿಕ್ಕವನಿದ್ದಾಗಲೇ ಅಪ್ಪ ತೀರಿಹೋಗಿ, ಅವ್ವನ ತಮ್ಮ ಕಲ್ಯಾಣಪ್ಪ ಅವನನ್ನು ಬೆಳೆಸಿದ್ದರು.

ಕಲ್ಯಾಣಪ್ಪನವರದು ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಕಾರ್ ಗ್ಯಾರೇಜು. ಓಮ್ನಿಯ ಹಿಂದಿನ ಚಕ್ರದ ಬಳಿ ಆಯಿಲ್ ಸೋರುತ್ತಿದೆಯೆಂದು ಆಕ್ಸಲ್ ಬಿಚ್ಚಿ, ಬೇರಿಂಗ್ ಬದಲಿಸಿ ಕೊಟ್ಟವರು ಅವರೇ. ಆಯಿಲ್ ನಿಂತಿತು, ಸದ್ದು ಶುರುವಾಯಿತು.

ಮುಂದಿನ ದಿನಗಳಲ್ಲಿ ಶ್ರೀವಿದ್ಯಾ ಸದ್ದಿನ ಬೆನ್ನು ಹತ್ತಿದಳು. ಕೆಲಸದ ಅಭ್ಯಾಸ ಎಂದು ತನಗೇ ಹೇಳಿಕೊಂಡಳು.

"ಈಗ ಸ್ವಲ್ಪ ಬಲಕ್ಕೆ ತಿರುಗಿಸಿ."

"ಬಲಕ್ಕ ಹೋದ್ರ ಆಫೀಸ್ ಬರೂದಿಲ್ರಿ, ಕಬ್ರಸ್ತಾನ್ ಬರತೈತಿ."

"ತಿರುಗಿಸಿ ಅಂದ್ರೆ ತಿರುಗಿಸಿ. ಹ್ಞಾ, ಜೋರಾಯ್ತು! ಈಗ ಎಡಕ್ಕೆ. ನೋಡಿ, ಕಡಿಮೆ ಆಯ್ತು. ಎಡಗಡೆ ಚಕ್ರದ್ದೇ ರೀ, ಬಲಕ್ಕೆ ತಿರುಗಿದಾಗ ಭಾರವೆಲ್ಲ ಅದರ ಮೇಲೆ ಬೀಳುತ್ತೆ."

"ನನಗ ಇಲ್ಲಿ ಜೋರಾಗೇನೂ ಕೇಳೂದಿಲ್ಲ. ಸಣ್ಣಗ ಗುಂಯ್ ಅಂತೈತಿ, ಅಷ್ಟ."

"ನೀವು ಎಂಜಿನ್ ಮೇಲೆ ಕೂತಿದ್ದೀರಿ, ನಾನು ಆಕ್ಸಲ್ ಮೇಲೆ."

ಹೀಗೆ ಇಬ್ಬರೂ ಕನ್ನಡಿಯಲ್ಲಿ ಮಾತಾಡಿಕೊಂಡರು. ಮುಂದಿನ ಸೀಟು ಪಂಜಾಗುಟ್ಟದವರೆಗೆ ಖಾಲಿಯೇ ಇರುತ್ತಿತ್ತು, ಅದರ ಮೇಲೆ ಗುರುಬಸವನ ಟಿಫಿನ್ ಡಬ್ಬಿ. ಮದುವೆಯಾಗದ ಹುಡುಗಿ ಮುಂದೆ ಕೂತರೆ ಗಲ್ಲಿಯವರಿಗೆ ಒಂದು ವಾರದ ಮಾತು. ಅವನು ಮುಂದೆ ಬನ್ನಿ ಅನ್ನಲಿಲ್ಲ, ಅವಳೂ ಕೇಳಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು, ಹುಬ್ಬು ಮತ್ತು ಅರ್ಧ ಹಣೆ ಮಾತ್ರ ಕಾಣುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು. ಅವನಿಗಂತೂ ಸಿಗ್ನಲ್ ಹಸಿರಾದದ್ದು ಹಿಂದಿನ ಆಟೋದವನು ಬೈದ ಮೇಲೆಯೇ ತಿಳಿಯುತ್ತಿತ್ತು.

ಆದರೆ ಸದ್ದು ದಿನದಿನಕ್ಕೆ ಬಲಿಯಿತು.

"ಬೇರೆ ಗ್ಯಾರೇಜಿಗೆ ತೋರ್ಸಿ ರೀ," ಎಂದಳು.

"ಮಾವನ ಗ್ಯಾರೇಜ್ ಬಿಟ್ಟು ಬ್ಯಾರೆ ಕಡೆ ಹೋದ್ರ ಮುಗೀತು. ಅವರು ನಮ್ಮ ಮನ್ಯಾಗ ನೀರೂ ಕುಡಿಯೂದಿಲ್ಲ."

"ಹಾಗಾದ್ರೆ ಅವರಿಗೇ ಹೇಳಿ."

"ಒಮ್ಮೆ ಹೇಳಿದ್ದೆ. ತಾವೇ ಕೂತು ಒಂದ್ ರೌಂಡ್ ಹೊಡದು, ಎಲ್ಲೈತೋ ಸದ್ದು ಅಂದ್ರು. ಇನ್ನೊಮ್ಮೆ ಹೆಂಗ ಹೇಳೂದ್ರಿ? ನೀವು ಮಾಡಿದ್ದು ತಪ್ಪಾಗೈತಿ ಅಂತ?"

"ಹೌದು. ಹಾಗೇ."

ಗುರುಬಸವ ನಕ್ಕು ಗೇರ್ ಬದಲಿಸಿದ. ಆ ನಗು ಅವಳಿಗೆ ಹಿಡಿಸಲಿಲ್ಲ.

ಅದಾದ ಮೇಲಿನ ಸೋಮವಾರ ಅವನ ಕಣ್ಣು ಕನ್ನಡಿಗೆ ಬರಲೇ ಇಲ್ಲ. ಅವಳೇ ಕೇಳಿದಳು. ಅವನು ರಸ್ತೆ ನೋಡಿಕೊಂಡೇ ಹೇಳಿದ.

"ಈ ಭಾನುವಾರ ಮಾವ ಮನಿಗೆ ಬರಾಕತ್ಯಾರ. ಮಾತುಕತಿಗೆ. ಅವರ ಮಗಳು ಐಶ್ವರ್ಯಾ... ಸಣ್ಣಾಕಿ ಇದ್ದಾಗಿಂದ ಎಲ್ಲಾರೂ ಆಕಿ ನನಗಂತನ ಅಂದಾರ."

"ನಿಮಗೆ ಇಷ್ಟ ಇದ್ಯಾ?"

"ನನ್ನ ಯಾರೂ ಕೇಳಿಲ್ರಿ."

"ನೀವು ಹೇಳಿದ್ರಾ?"

ಆಕ್ಸಲ್ ಒಂದೇ ಕೂಗುತ್ತಿತ್ತು. ಶ್ರೀವಿದ್ಯಾಳಿಗೆ ಸಿಟ್ಟು ಬಂತು.

"ಆಕ್ಸಲ್ ಸದ್ದು ಮಾಡ್ತಿದೆ ಅಂತ ಮಾವನಿಗೆ ಹೇಳೋಕಾಗಲ್ಲ. ಇನ್ನು ನನ್ನ ವಿಷಯ ಹೇಳ್ತೀರಾ?"

ಮಾತು ಬಾಯಿಂದ ಹೊರಟುಹೋಗಿತ್ತು. ಗುರುಬಸವ ಬ್ರೇಕ್ ಒತ್ತಿದ. ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿತು, ಅವಳೇ ಮುಖ ತಿರುಗಿಸಿದಳು.

"ನಾಳೆಯಿಂದ ನಾನು ಬಸ್ಸಲ್ಲಿ ಹೋಗ್ತೀನಿ," ಎಂದಳು.

ಹೋದಳು. ಸಿಟಿ ಬಸ್ಸಿನಲ್ಲಿ ಸದ್ದಿಗೇನೂ ಕೊರತೆಯಿರಲಿಲ್ಲ. ಕಂಡಕ್ಟರನ ಬೈಗುಳ, ಕಿಟಕಿಯ ಗಡಗಡ, ಪಕ್ಕದವಳ ಮೊಬೈಲಿನ ರಿಂಗ್‌ಟೋನು. ಇವೆಲ್ಲದರ ನಡುವೆ ಅವಳು ಆ ಗುಂಯ್ ಅನ್ನೇ ಹುಡುಕುತ್ತಿದ್ದಳು. ಇದು ಪೆದ್ದುತನ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಭಾನುವಾರ ಹತ್ತಿರವಾಗುತ್ತಿತ್ತು.

ಶುಕ್ರವಾರ ಸಂಜೆ ಅವಳು ಬಸ್ಸಿಳಿದಾಗ ಗುರುಬಸವ ಸ್ಟಾಪಿನಲ್ಲಿ ನಿಂತಿದ್ದ. ಕನ್ನಡಿಯಿಲ್ಲದೆ ಅವನನ್ನು ಎದುರುಬದುರಾಗಿ ನೋಡಿದ್ದು ಕಡಿಮೆ. ಗಲ್ಲದ ಮೇಲೆ ಒಂದು ಮಚ್ಚೆಯಿರುವುದು ಅವಳಿಗೆ ಗೊತ್ತೇ ಇರಲಿಲ್ಲ.

"ನಿನ್ನಿ ಪ್ರಜ್ವಲಗ ಗಾಡಿ ಕೊಟ್ಟು ನಾ ಹಿಂದ ಕೂತಿದ್ದೆ," ಎಂದ. "ನಿಮ್ಮ ಜಾಗಾದಾಗ."

"ಕೇಳಿಸ್ತಾ?"

"ಭಾಳ ಕೆಟ್ಟ ಸದ್ದೈತ್ರಿ. ಹಲ್ಲು ಝುಮ್ ಅಂದ್ವು. ಇದನ್ನ ದಿನಾ ಹೆಂಗ ತಡಕೊಂಡ್ರಿ?"

ಯಾಕೆ ತಡೆದುಕೊಂಡೆ ಎನ್ನುವುದು ಇವನಿಗೆ ಇನ್ನೂ ತಿಳಿದಿಲ್ಲವೇ ಎಂದು ಅವಳು ಅವನನ್ನೇ ನೋಡಿದಳು. ಅವನ ಕಿವಿ ಕೆಂಪಾಯಿತು. ತಿಳಿದಿತ್ತು.

"ನಾಳೆ ಮಾವನ ಗ್ಯಾರೇಜಿಗೆ ಹೋಗಾಕತ್ತೀನಿ. ನೀವೂ ಬರ್ತೀರೇನ್ರಿ?"

"ನಾನ್ಯಾಕೆ?"

"ಎರಡೂ ವಿಷಯ ಹೇಳಾಕತ್ತೀನಿ. ನಿಮ್ಮ ಬೆನ್ನ ಹಿಂದ ನಿಮ್ಮ ಮಾತು ಆಡೂದು ಬರೋಬ್ಬರಿ ಅಲ್ಲ."

ಶನಿವಾರ ಅವಳು ಹಸಿರು ಚೂಡಿದಾರ ಹಾಕಿಕೊಂಡು ಹೋದಳು. ಕಲ್ಯಾಣಪ್ಪನವರು ಹಣೆಗೆ ವಿಭೂತಿ, ಕೈಗೆ ಗ್ರೀಸು ಬಳಿದುಕೊಂಡು ಒಂದು ಅಂಬಾಸಿಡರ್‌ನ ಬಾನೆಟ್ಟಿನೊಳಗಿಂದ ತಲೆ ಎತ್ತಿದರು.

"ಇವರ್ಯಾರು?"

"ಸದ್ದು ಕೇಳಿದವರು, ಮಾವಾ."

"ಮತ್ತ ಅದ? ಕೀಲಿ ತಾ, ಒಂದ್ ರೌಂಡ್ ಹೊಡೀತೀನಿ."

ಗುರುಬಸವ ಕೀಲಿ ಕೊಡಲಿಲ್ಲ. ಹುಟ್ಟಿದಾಗಿನಿಂದ ಮಾವ ಕೇಳಿದ್ದನ್ನು ಕೊಡದೆ ಇದ್ದದ್ದು ಅದೇ ಮೊದಲಿರಬೇಕು.

"ನೀವು ಹಿಂದ ಕೂಡ್ರಿ, ಮಾವಾ. ಮುಂದ ಎಂಜಿನ್ ಸದ್ದಿನಾಗ ಕೇಳೂದಿಲ್ಲ."

ಕಲ್ಯಾಣಪ್ಪನವರು ಅಳಿಯನನ್ನು ನೋಡಿದರು, ಕೀಲಿ ನೋಡಿದರು. ಆಮೇಲೆ ಕೈಯನ್ನು ಅರ್ಧಂಬರ್ಧ ಒರೆಸಿಕೊಂಡು ಹಿಂದಿನ ಬಾಗಿಲು ಸರಿಸಿ ಹತ್ತಿದರು. ಶ್ರೀವಿದ್ಯಾ ಎಲ್ಲಿ ಕೂರುವುದೆಂದು ತಿಳಿಯದೆ ನಿಂತಿದ್ದಳು.

"ಇಲ್ಲಿ ಇಕ್ಕಟ್ಟಾಗತೈತಿ. ನೀ ಮುಂದ ಕೂಡವ್ವಾ," ಎಂದರು ಅವರೇ.

ಅವಳು ಟಿಫಿನ್ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಳು. ಗಲ್ಲಿಯವರೆಲ್ಲ ನೋಡಿದರು.

ಕೂಕಟ್‌ಪಲ್ಲಿ ದಾಟಿ, ಪಟಾನ್‌ಚೆರು ಕಡೆಗೆ ರಸ್ತೆ ತೆರವಾಯಿತು. ಮುಳ್ಳು ನಲವತ್ತು ದಾಟಿತು. ಸದ್ದು ಬಂತು. ಕನ್ನಡಿಯಲ್ಲಿ ಈಗ ಮಾವ ಕಾಣುತ್ತಿದ್ದರು, ಕಣ್ಣು ಮುಚ್ಚಿ, ಅಂಗೈಯನ್ನು ಸೀಟಿನ ಮೇಲೆ ಊರಿಕೊಂಡು.

"ಜರಾ ಬಲಕ್ಕ ಹೊಳ್ಳಸು," ಎಂದರು. ಸದ್ದು ಏರಿತು. "ಎಡಗಡೆದು," ಎಂದರು. ಶ್ರೀವಿದ್ಯಾ ತಲೆಯಾಡಿಸಿದಳು. "ಸೈಡಿಗೆ ನಿಲ್ಲಸು."

ಒಂದು ಔಷಧಿ ಕಾರ್ಖಾನೆಯ ಗೋಡೆಯ ಬದಿಗೆ ಗಾಡಿ ನಿಂತಿತು. ಗಾಳಿಯಲ್ಲಿ ಕೆಮಿಕಲ್ ವಾಸನೆ. ಮೂವರೂ ಇಳಿದರು. ಕಲ್ಯಾಣಪ್ಪನವರು ಎಡ ಚಕ್ರವನ್ನು ಚಪ್ಪಲಿಯ ತುದಿಯಿಂದ ಒಮ್ಮೆ ಮುಟ್ಟಿದರು.

"ಮಂದಿ ಗಾಡಿ ಆಗಿದ್ರ ಬೇರಿಂಗ್ ಪ್ರೆಸ್ ಮಷೀನಿಗೆ ಕಳಿಸಿ ಒತ್ತಿ ಕೂಡಸತಿದ್ದೆ. ಮನಿ ಗಾಡಿ, ಯಾರು ಏನಂತಾರ ಅಂತ ಸುತ್ತಿಗಿಲೆ ಹೊಡದು ಕೂಡಸಿದೆ. ಒಳಗ ಪೆಟ್ಟಾಗೈತಿ." ಅಳಿಯನ ಕಡೆ ತಿರುಗಿ ಕೇಳಿದರು, "ಹೇಳಾಕ ಇಷ್ಟ ದಿನ ಯಾಕ ಬೇಕಾತೋ?"

"ಅಂಜಿಕಿ, ಮಾವಾ."

"ನಾ ನಿನ್ನ ತಿಂತಿದ್ನೇನೋ?"

"ಇನ್ನೊಂದು ಹೇಳೂದೈತಿ." ಗುರುಬಸವ ಮಾವನ ಎದುರಿಗೆ ಬಂದು ನಿಂತ. "ನಾಳೆ ಮಾತುಕತಿಗೆ ಬರಬ್ಯಾಡ್ರಿ. ನಾ ಇವರ್ನ ಲಗ್ನ ಆಗಬೇಕಂತೀನಿ. ಇವರು ಹ್ಞೂಂ ಅಂದ್ರ."

ಅಂದು ಅವಳತ್ತ ತಿರುಗಿದ. ಇಡೀ ಮುಖ, ಹಣೆ, ಮಚ್ಚೆ, ಕೆಂಪು ಕಿವಿ ಎಲ್ಲ ಒಟ್ಟಿಗೆ ಅವಳ ಎದುರಿಗಿತ್ತು. ಶ್ರೀವಿದ್ಯಾ ಹೇಳಬೇಕೆಂದು ಒಂದು ವಾರದಿಂದ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಹ್ಞೂಂ," ಎಂದಳು, ತುಟಿ ಮುಚ್ಚಿಕೊಂಡೇ.

ಕಲ್ಯಾಣಪ್ಪನವರು ಹೋಗುವ ಲಾರಿಗಳನ್ನು ನೋಡುತ್ತ ನಿಂತುಬಿಟ್ಟರು. ಅವರಿಗೆ ನೋವಾಗಿತ್ತು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ. ಗುರುಬಸವ ಅವರ ಕಾಲ ಕಡೆಗೆ ಬಾಗಿದ, ಅವರು ಭುಜ ಹಿಡಿದು ತಡೆದರು. ಅಂಗಿಯ ಮೇಲೆ ಗ್ರೀಸಿನ ಐದು ಬೆರಳು ಮೂಡಿದವು.

"ಮನಿ ಹುಡುಗ ಅಂತ ನಿನ್ನೂ ಕೇಳಲಿಲ್ಲ ನಾ," ಎಂದರು. "ಹೊಡದು ಕೂಡಸಾಕ ಹೊಂಟಿದ್ದೆ." ಆಮೇಲೆ ದನಿ ಇಳಿಸಿ, "ಐಶ್ವರ್ಯಾನ್ನೂ ಕೇಳಿಲ್ಲ. ಇವತ್ತು ಹೋಗಿ ಕೇಳತೀನಿ," ಎಂದರು.

ತಾವೇ ಹೋಗಿ ಹಿಂದಿನ ಸೀಟಿನಲ್ಲಿ ಕೂತು, ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದುಕೊಂಡರು.

ವಾಪಸು ಹೊರಟಾಗ ಗಾಡಿ ವೇಗ ಹಿಡಿಯಿತು, ಮತ್ತೆ ಗುಂಯ್ ಎಂದಿತು.

"ನಲವತ್ತರ ಮ್ಯಾಲ ಹೋಗಬ್ಯಾಡ," ಹಿಂದಿನಿಂದ ಮಾವ ಗದರಿದರು. "ನನ್ನ ತಪ್ಪು ನನಗ ಎಷ್ಟ ಸಲ ಕೇಳಸತಿ?"

ಗುರುಬಸವ ಕಾಲು ಸಡಿಲಿಸಿದ. ಸದ್ದು ನಿಂತಿತು. ಲಾರಿಗಳು, ಬಸ್ಸುಗಳು, ಕೊನೆಗೊಂದು ಎಮ್ಮೆ ತುಂಬಿದ ಟ್ರಾಲಿಯೂ ಅವರನ್ನು ದಾಟಿ ಮುಂದೆ ಹೋದವು. ಕಾಚಿಗೂಡ ಇನ್ನೂ ಬಹಳ ದೂರವಿತ್ತು. ಶ್ರೀವಿದ್ಯಾ ಟಿಫಿನ್ ಡಬ್ಬಿ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಆರಾಮಾಗಿ ಒರಗಿದಳು. ಕನ್ನಡಿ ನೋಡುವ ಅಗತ್ಯ ಅವಳಿಗೆ ಬೀಳಲಿಲ್ಲ.