ಕೋಲ್ಡ್‌ವಿಕ್ ಮಹಲಿನ ಬೀರು ಬಾಗಿಲು

ಮಾರ್ಚ್ ಎಂಟು, ಶುಕ್ರವಾರ ಬೆಳಿಗ್ಗೆ ಕೋಲ್ಡ್‌ವಿಕ್ ಮಹಲಿನ ಮ್ಯಾನೇಜರ್ ಸ್ಯಾಂಡಿಸ್ ಠಾಣೆಗೆ ಬಂದು ದೂರು ಕೊಟ್ಟರು. ಮಹಡಿಯ ಮಕ್ಕಳ ಕೋಣೆಯಲ್ಲಿದ್ದ ಬೀರುವಿನ ಬಾಗಿಲು ಕಳುವಾಗಿತ್ತು.

"ಒಂದು ಬಾಗಿಲಿಗೆ ಇಷ್ಟು ಗಾಬರಿನಾ?" ಇನ್‌ಸ್ಪೆಕ್ಟರ್ ಗ್ವೆನ್ ಆಲ್ಡಸ್ ಕೇಳಿದರು.

"ಸೋಮವಾರ ಮಹಲು ಹೋಟೆಲಿನೋರ ಕೈಗೆ ಹೋಗತ್ತೆ, ಮೇಡಂ. ಒಂದು ಮೊಳೆ ಕಮ್ಮಿಯಾದ್ರೂ ನನ್ನ ಕೆಲಸಕ್ಕೆ ಕುತ್ತು."

ಎಫ್‌ಐಆರ್ ದಾಖಲಾಯಿತು. ಆ ಮಹಲು ಕಾಣದ ಅವತಾರವಿಲ್ಲ. ಜಮೀನ್ದಾರರ ಬೇಟೆಮನೆಯಾಗಿತ್ತು, ಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಯಿತು, ಆಮೇಲೆ ಅನಾಥ ಮಕ್ಕಳ ಆಶ್ರಮ, ಈಗ ಟಿಕೆಟ್ ಕೊಟ್ಟು ನೋಡುವ ಜಾಗ. ಆಶ್ರಮದ ಮಕ್ಕಳ ಎತ್ತರ ಅಳೆದು ಹೆಸರು ಬರೆದ ಪೆನ್ಸಿಲ್ ಗೆರೆಗಳು ಆ ಬಾಗಿಲ ಮೇಲಿದ್ದವು. ಹೋಟೆಲಿನವರು ಅದನ್ನು ಉಜ್ಜಿ ಬಿಳಿ ಬಣ್ಣ ಬಳಿಯುವವರಿದ್ದರು.

ಮಹಜರಿನ ವೇಳೆ ಕಾನ್‌ಸ್ಟೆಬಲ್ ಹಾಲಿಸ್ ಬೀರುವಿನ ಪಕ್ಕದ ಹಳೆಯ ಕುರ್ಚಿ ತೋರಿಸಿದ. ಕಳ್ಳ ಅದರ ಮೇಲೆ ಹತ್ತಿ ಮೇಲಿನ ತಿರುಪು ಬಿಚ್ಚಿದ್ದ. ಮೆತ್ತೆ ತಗ್ಗಿತ್ತು, ಮಣ್ಣಿನ ಗುರುತಿರಲಿಲ್ಲ. ಮೆತ್ತೆಯ ನಡುವೆ ಒಂದು ಪೈನ್ ಕಾಯಿ ಇತ್ತು. ಇಂಥ ಮಹಲುಗಳಲ್ಲಿ ಕೂರಬೇಡಿ ಎಂದು ಬೋರ್ಡು ಹಾಕುವುದಿಲ್ಲ, ಕುರ್ಚಿಯ ಮೇಲೆ ಚುಚ್ಚುವ ಪೈನ್ ಕಾಯಿ ಇಡುತ್ತಾರೆ.

"ಬೂಟು ಬಿಚ್ಚಿ ಹತ್ತಿದಾನೆ, ಇಳಿದು ಕಾಯಿ ವಾಪಸ್ ಇಟ್ಟಿದಾನೆ. ಭಾರಿ ಮರ್ಯಾದಸ್ಥ ಕಳ್ಳ, ಮೇಡಂ."

"ಅಭ್ಯಾಸಬಲ, ಹಾಲಿಸ್. ಇಲ್ಲಿನೋರೇ ಯಾರೋ."

ಮಹಲು ತೋರಿಸುವ ಸ್ವಯಂಸೇವಕರನ್ನೆಲ್ಲ ಆಲ್ಡಸ್ ಅಡುಗೆಮನೆಗೆ ಕರೆಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜನರಲ್ಲ ಇವರು. ಚಹಾ ಕಲಕುತ್ತ ಕೂತಿದ್ದರು.

"ಚಿಕ್ಕಂದಿನಲ್ಲಿ ಈ ಆಶ್ರಮದಲ್ಲಿದ್ದೋರು ಯಾರಾದ್ರೂ ಇದೀರಾ?"

ಒಬ್ಬ ಮುದುಕಿ ಪಕ್ಕಕ್ಕೆ ತಿರುಗಿ, "ಎಡ್ವಿನ್, ನೀನಿದ್ದೆ ಅಲ್ವೇನೋ?" ಎಂದಳು. ಎಡ್ವಿನ್ ಥ್ರಪ್ ಬಟ್ಟಲು ಕೆಳಗಿಟ್ಟರು.

ಥ್ರಪ್ ಅವರ ಮನೆಗೆ ಹೋಗುವ ದಾರಿಯುದ್ದಕ್ಕೂ ಆಲ್ಡಸ್ ಕಾರನ್ನು ನಿಧಾನವಾಗಿ ಓಡಿಸಿದರು. ಬಾಗಿಲು ಸಿಕ್ಕರೆ ಸೋಮವಾರವೇ ಆ ಗೆರೆಗಳು ಅಳಿಯುತ್ತವೆ.

ಬಾಗಿಲು ಥ್ರಪ್ ಮಲಗುವ ಕೋಣೆಯಲ್ಲಿತ್ತು, ಕಂಬಳಿ ಸುತ್ತಿಟ್ಟಿದ್ದರು.

"ಸ್ಯಾಂಡಿಸ್‌ನ ಕೇಳಬಹುದಿತ್ತಲ್ಲ?"

"ಕೇಳಿದೆ. ಫೋಟೋ ತಕ್ಕೊಳ್ಳಿ ಅಂದ್ರು." ಥ್ರಪ್ ಕಂಬಳಿ ಸರಿಸಿ ಕೆಳಗಿನ ಒಂದು ಗೆರೆಯ ಮೇಲೆ ಬೆರಳಿಟ್ಟರು. "ನನ್ನ ತಂಗಿ ನ್ಯಾನ್. ಆ ಮಹಲಲ್ಲೇ ಜ್ವರ ಬಂದು ಹೋದಳು. ಫೋಟೋ ಇಲ್ಲ, ಸಮಾಧಿಗೆ ಕಲ್ಲೂ ಇಲ್ಲ. ಅವಳು ಇದ್ದಳು ಅನ್ನೋದಕ್ಕೆ ಇದೊಂದೇ. ಎಲ್ಲಾ ಒಪ್ಕೋತೀನಿ, ಬರ್ಕೊಳ್ಳಿ. ಬಾಗಿಲು ಅವರಿಗೆ ಕೊಟ್ಟುಬಿಡ್ತೀರಾ?"

ಥ್ರಪ್ ಅವರನ್ನು ಬಂಧಿಸಿರುವುದಾಗಿ ಆಲ್ಡಸ್ ಹೇಳಿದರು. ಆಮೇಲೆ ನಿಧಾನವಾಗಿ, "ಕೇಸು ಮುಗಿಯೋವರೆಗೂ ಇದು ಸಾಕ್ಷ್ಯದ ಮಾಲು. ಯಾರೂ ಮುಟ್ಟೋ ಹಾಗಿಲ್ಲ" ಎಂದರು.

ಥ್ರಪ್ ಕಂಬಳಿಯನ್ನು ಮತ್ತೆ ಬಾಗಿಲಿಗೆ ಸುತ್ತಿದರು.

"ಹಾಗಾದ್ರೆ ನಾನು ಏನನ್ನೂ ಒಪ್ಕೊಳ್ಳಲ್ಲ, ಮೇಡಂ. ಎಷ್ಟು ದಿನ ಎಳೆಯತ್ತೋ ಎಳೀಲಿ."

ಆಲ್ಡಸ್ ಹೇಳಿಕೆಯಲ್ಲಿ ಏನನ್ನೂ ಒಪ್ಪಿಕೊಂಡಿಲ್ಲ ಎಂದಷ್ಟೇ ಬರೆದುಕೊಂಡರು.